ಶಂಖದೊಳಗೆ ಸೇರಿದ ಕಡಲ ನಾತ

ಬಲು ಹಿಂದೆ, ಭೂಮಿಯ ತುತ್ತತುದಿಯಲ್ಲಿ, ಬೇಸಿಗೆಯಿಡೀ ಸೂರ್ಯ ಮುಳುಗದ ಬೆಳ್ದೆರೆ ಎಂಬ ರಾಜ್ಯವಿತ್ತು. ಅಲ್ಲಿ ಸತ್ತವರನ್ನು ಹೂಳೋಣವೆಂದರೆ ಮಣ್ಣಿಲ್ಲ, ಸುಡೋಣವೆಂದರೆ ಕಟ್ಟಿಗೆಯಿಲ್ಲ. ಕಡಲ ಮೇಲೆ ಹೆಪ್ಪುಗಟ್ಟಿದ ಮಂಜಿನ ಬಯಲಲ್ಲಿ ಗುಂಡಿ ಕೊರೆದು ಮಲಗಿಸಿ, ಮೇಲೆ ನೀರು ಸುರಿಯುತ್ತಿದ್ದರು. ನೀರು ಗಾಜಿನಂತೆ ಗಟ್ಟಿಯಾಗುತ್ತಿತ್ತು. ನೆನಪಾದಾಗ ಹೋಗಿ, ಮೇಲೆ ಬಿದ್ದ ಹಿಮ ಒರೆಸಿ, ಮುಖ ನೋಡಿಕೊಂಡು ಬರಬಹುದಿತ್ತು.

ಕಡಲಿ ಎಂಬ ಮೀನುಗಾತಿ ದಿನವೂ ಹೋಗುತ್ತಿದ್ದಳು. ಅವಳ ಒಬ್ಬಳೇ ಮಗಳು ಮಿಣುಕಿ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಬಯಲಿನ ನಡುಭಾಗವೆಲ್ಲ ರಾಜವಂಶದವರದು. ಬಡವರ ಪಾಲಿಗೆ ನೀರಿನ ಪಕ್ಕದ ಅಂಚು. ಸತ್ತ ಮೇಲೂ ದೊಡ್ಡವರು ಜಾಗ ಬಿಡುವುದಿಲ್ಲ ನೋಡಿ.

ಪ್ರತಿ ವರ್ಷ ಮಂಜು ಬಿರಿಯುವ ಕಾಲಕ್ಕೆ ಕಡಲಿನಿಂದ ಒಂದು ನಾತ ಏಳುತ್ತಿತ್ತು, ಹಳಸಿದ ಎಲೆಕೋಸಿನಂಥದ್ದು. ಹುಟ್ಟಿದಾಗಿನಿಂದ ಕುಡಿದ ಗಾಳಿಯಾದ್ದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಒಂದು ವರ್ಷ ರಾಜ ಹಿಮಕೇತುವಿನ ಮಗಳನ್ನು ನೋಡಲು ದಕ್ಷಿಣದಿಂದ ಬೀಗರು ಬಂದರು. ಹಡಗಿನಿಂದ ಇಳಿದವರೇ ಮೂಗು ಮುಚ್ಚಿಕೊಂಡರು. ನಿಮ್ಮ ಹೆಣಗಳು ಕೊಳೆಯುತ್ತಿವೆಯೋ ಏನೋ ಎಂದು ಒಂದು ಮಾತು ಬಿಸಾಕಿ, ತಾಂಬೂಲವನ್ನೂ ಮುಟ್ಟದೆ ಹೊರಟುಹೋದರು.

ಆ ಮಾತು ಊರಿನೊಳಗೆ ಉಳಿಯಿತು. ಕೊಳೆಯುತ್ತಿರುವುದು ಯಾರ ಮನೆಯವರು ಎಂದು ಗುಸುಗುಸು ಹಬ್ಬಿತು. ನಡುವಿನವರಂತೂ ಅಲ್ಲ, ರಾಜರು ಕೊಳೆಯುತ್ತಾರೆಯೇ? ಅಂಚಿನವರೇ ಇರಬೇಕು. ಅಂಚಿನಲ್ಲೂ ಕಟ್ಟಕಡೆಯವಳು ಮಿಣುಕಿ. ತನ್ನನ್ನು ಕಂಡೊಡನೆ ಹೆಂಗಸರು ಸೆರಗನ್ನು ಮೂಗಿಗೆ ಒತ್ತುವುದನ್ನು ಕಡಲಿ ನೋಡಿದಳು.

ಆಗ ಗಾಳಿಮುಷ್ಟಿ ಎಂಬ ಮಾಂತ್ರಿಕ ಬಂದ. ಅವನ ಮೈಯೆಲ್ಲ ಗಾಳಿ, ಕಾಣುತ್ತಿದ್ದದ್ದು ಎರಡು ಕೈ ಮಾತ್ರ. ನಾತವನ್ನು ಹಿಡಿದು ಒಯ್ಯುತ್ತೇನೆ, ಬದಲಿಗೆ ಏನೂ ಬೇಡ, ಊರೆಲ್ಲ ಸೇರಿ ‘ನಮಗೆ ಬೇಡ’ ಎಂದು ಬಾಯಿಬಿಟ್ಟು ಹೇಳಿದರೆ ಸಾಕು ಎಂದ. ಊರು ಹೇಳಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಕಡಲಿ. ಮಾಂತ್ರಿಕ ನಾತವನ್ನೆಲ್ಲ ಎಳೆದು ಶಂಖಕ್ಕೆ ತುಂಬಿ, ಬಾಯಿಗೆ ಮೇಣ ಮೆತ್ತಿ, ಕಡಲಾಚೆಯ ಗುಹೆಗೆ ಹೋದ.

ಊರು ಹಬ್ಬ ಮಾಡಿತು. ಗಾಳಿ ತೊಳೆದಂತಿತ್ತು, ಆಕಾಶವೂ ತೊಳೆದಂತಿತ್ತು. ಎಷ್ಟು ದಿನ ಕಳೆದರೂ ಒಂದು ಮೋಡ ಬರಲಿಲ್ಲ. ಮುಳುಗದ ಸೂರ್ಯ ಮಂಜಿನ ಮೇಲೆ ಸುರಿಯತೊಡಗಿದ. ಬಯಲು ಬೆವರಿತು, ಆಮೇಲೆ ಬಿರಿಯಿತು.

ಒಂದು ದಿನ ಕಡಲಿ ಮಗಳ ಮುಖ ಒರೆಸುತ್ತಿದ್ದಾಗ ಹಸಿದು ಸೊರಗಿದ ಕಡಲಹಕ್ಕಿಯೊಂದು ಪಕ್ಕದಲ್ಲೇ ಬಿತ್ತು. ಅದು ಮಾತಾಡಿತು. “ಆ ನಾತ ನಿಮ್ಮ ಹೆಣಗಳದ್ದಲ್ಲ ತಾಯಿ. ಕಡಲೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಗಿಡಗಳಿವೆ. ಸಿಗಡಿಗಳು ಅವನ್ನು ಮೇಯುವಾಗ ಏಳುವ ಉಸಿರು ಅದು. ನಾವು ಅದನ್ನು ಮೂಸಿಕೊಂಡೇ ಊಟ ಹುಡುಕ್ತಿದ್ವಿ. ಆ ಉಸಿರು ಮೇಲೇರಿ ನುಣ್ಣನೆ ಪುಡಿಯಾಗುತ್ತೆ. ಪುಡಿಗೆ ನೀರಿನ ಹಬೆ ಅಂಟಿದರೆ ಮೋಡ. ಮೋಡ ನಿಮ್ಮ ಕೊಡೆಯಾಗಿತ್ತು. ಮಂಜು ಕರಗಿದರೆ ಅದರಡಿ ಕಡಲ ತಳದಲ್ಲಿರೋ ರತ್ನದ ಗಣಿ ಆ ಮಾಂತ್ರಿಕನದಾಗುತ್ತೆ, ಅದಕ್ಕೇ ನಾತ ಒಯ್ದ.”

ಕಡಲಿ ರಾಜನ ಬಳಿಗೆ ಓಡಿದಳು. ಹಕ್ಕಿಯ ಮಾತು ನಂಬಿ ಹೋಗಿ ನಾತ ತಾ ಎಂದು ಕೇಳಲೇ ಎಂದು ರಾಜ ನಕ್ಕ. ಅವಳು ಮಗಳ ಚರ್ಮದ ಟೋಪಿ, ಮೂಳೆಯ ಗೊಂಬೆ ಎರಡನ್ನೂ ಮಡಿಲಿಗೆ ಹಾಕಿಕೊಂಡು ತಾನೇ ದೋಣಿ ಹತ್ತಿದಳು.

ಮೊದಲು ಒಂದು ಕಡಲಾನೆ ದಾರಿ ಕಟ್ಟಿತು. ಮಾಂತ್ರಿಕ ಅದನ್ನು ಬಂಡೆಗೆ ಬಿಗಿದು ಕಾವಲಿಗಿಟ್ಟಿದ್ದ. ಬಿಸಿಲಿಗೆ ಅದರ ತಲೆ ಸುಲಿದುಹೋಗಿತ್ತು. ತಲೆಗೆ ಏನಾದರೂ ಕೊಟ್ಟರೆ ಬಿಡುತ್ತೇನೆ ಎಂದಿತು. ಕಡಲಿ ಟೋಪಿ ಕೊಟ್ಟಳು. ಪುಟ್ಟ ಟೋಪಿ ತಾನಾಗಿ ಹಿಗ್ಗಿ ಅದರ ತಲೆ ತುಂಬಿತು.

ಆಮೇಲೆ ಮಾಂತ್ರಿಕ ಕಲ್ಲು ಮಾಡಿದ್ದ ತಿಮಿಂಗಿಲವೊಂದು ಕಡಲಿಗೆ ಅಡ್ಡ ಮಲಗಿತ್ತು. ನನ್ನ ಮರಿ ಅಳುತ್ತಿದೆ, ಆಡಲು ಏನಾದರೂ ಕೊಟ್ಟರೆ ಬಿಡುತ್ತೇನೆ ಎಂದಿತು. ಕಡಲಿ ಗೊಂಬೆಯನ್ನು ಎದೆಗೊತ್ತಿಕೊಂಡು ತುಂಬ ಹೊತ್ತು ಕೂತಳು. ಆಮೇಲೆ ಕೊಟ್ಟಳು.

ಮೂರನೆಯದು ಗುಹೆ. ಒಳಗೆ ಶಂಖ ಹಿಡಿದು ಗಾಳಿಮುಷ್ಟಿ ಕೂತಿದ್ದ. ಅವನು ಬೈಯಲಿಲ್ಲ, ಹೆದರಿಸಲಿಲ್ಲ. ಶಂಖವನ್ನು ಅವಳ ಕೈಗೇ ಇಟ್ಟ.

“ಒಡಿ. ಆದರೆ ಮೋಡ ಕಟ್ಟೋಕೆ ಹೊತ್ತು ಬೇಕು. ಅಷ್ಟರಲ್ಲಿ ನಡುವಿನವರು ಉಳೀತಾರೆ, ಅಂಚು ಹೋಗುತ್ತೆ. ಒಡೀಬೇಡ, ನಿನ್ನ ಮಗಳನ್ನ ಈಗಲೇ ಇಲ್ಲಿಗೆ ತರಿಸ್ತೀನಿ. ಈ ಗುಹೆಯ ಮಂಜು ಎಂದೂ ಕರಗಲ್ಲ. ದಿನಾ ಮುಖ ನೋಡ್ಕೊಂಡಿರು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಡಲಿಗೂ ಅದು ಗೊತ್ತಾಯಿತು. ತನ್ನ ಮಗಳತ್ತ ಮೂಗು ಮುಚ್ಚಿದವರ ಮನೆಯ ಹೆಣಗಳನ್ನು ಉಳಿಸಲು ತನ್ನ ಮಗಳನ್ನು ಬಿಡಬೇಕು. ಎಂಥ ನ್ಯಾಯ ಇದು? ಅವಳು ಬೆಳ್ದೆರೆಯನ್ನು ಬಾಯಿಗೆ ಬಂದಂತೆ ಶಪಿಸಿದಳು. ರಾಜನನ್ನು, ಬೀಗರನ್ನು, ಹಕ್ಕಿಯನ್ನೂ ಬಿಡಲಿಲ್ಲ. ಶಾಪ ಮುಗಿದ ಮೇಲೆ, “ಬೇಡ ಅಂತ ಕೂಗಿದವಳು ನಾನೂ ಅಲ್ವಾ” ಎಂದು ಶಂಖವನ್ನು ಬಂಡೆಗೆ ಅಪ್ಪಳಿಸಿದಳು.

ನಾತ ಭೋರೆಂದು ಹೊರಬಿತ್ತು. ಅದರ ಪುಡಿ ಗಾಳಿಮುಷ್ಟಿಯ ಗಾಳಿಮೈಗೆ ಅಂಟಿತು, ಪುಡಿಗೆ ಹಬೆ ಅಂಟಿತು. ಅವನು ಊದಿಕೊಂಡು, ಬೆಳ್ಳಗಾಗಿ, ಮೇಲಕ್ಕೆ ತೇಲಿದ. ಆ ಬೇಸಿಗೆಯ ಮೊದಲ ಮೋಡ ಅವನೇ. ಮರುದಿನ ಹಿಮವಾಗಿ ಉದುರಿ ಮುಗಿದುಹೋದ. ಕಡಲಾನೆಯ ಕಟ್ಟು ಬಿಚ್ಚಿತು, ತಿಮಿಂಗಿಲಕ್ಕೆ ಜೀವ ಬಂತು, ಹಕ್ಕಿಗಳು ನಾತ ಹಿಡಿದು ಊಟಕ್ಕೆ ಹೋದವು.

ಕಡಲಿ ಊರು ಸೇರುವಾಗ ಆಕಾಶದ ತುಂಬ ಮೋಡ. ನಡುಬಯಲು ಗಟ್ಟಿಯಾಗಿ ನಿಂತಿತ್ತು. ಅಂಚು ಇರಲಿಲ್ಲ. ಮಿಣುಕಿ ಮಲಗಿದ್ದ ಜಾಗದಲ್ಲಿ ಅಲೆ ಬಡಿಯುತ್ತಿತ್ತು. ಅವಳು ಅಲ್ಲೇ ಕೂತು ಅತ್ತಳು. ಜನ ದೂರ ನಿಂತು ನೋಡಿದರು.

ಬೀಗರು ಮತ್ತೆ ಬಂದರು. ಮೂಗು ಮುಚ್ಚಿಕೊಂಡೇ ಮದುವೆ ಮುಗಿಸಿದರು. ರಾಜ ಧಾರಾಳಿಯಾದ. ತುಂಬಿದ ಸಭೆಗೆ ಕಡಲಿಯನ್ನು ಕರೆಸಿ, ನೀನು ಸತ್ತ ಮೇಲೆ ಮಲಗಲು ನಡುಬಯಲಲ್ಲಿ ನಮ್ಮ ಹಿರಿಯರ ಪಕ್ಕದಲ್ಲೇ ನಿನಗೆ ಜಾಗ ಕೊಟ್ಟಿದ್ದೇನೆ ಎಂದು ಘೋಷಿಸಿದ. ಸಭೆ ಜಯಕಾರ ಹಾಕಿತು.

“ಬೇಡ ಪ್ರಭು,” ಎಂದಳು ಕಡಲಿ. “ನನ್ನನ್ನ ನೀರಿಗೆ ಹಾಕಿ. ಅವಳಿಗೆ ಒಬ್ಬಳೇ ಮಲಗೋಕೆ ಭಯ.”

ರಾಜ ಹಾಗೆಯೇ ಆಗಲಿ ಎಂದ. ಅಂದಿನಿಂದ ಬೆಳ್ದೆರೆಯ ಜನ ಸುಖವಾಗಿ ಬಾಳಿದರು, ಕಡಲಿ ತನ್ನ ಸರದಿಗೆ ಕಾಯುತ್ತ ಬಾಳಿದಳು.