ಹೊಳೆಯ ದಡದಲ್ಲಿ ನಿಂತ ಕುದುರೆ

"ನಮ್ಮ ಕುದುರೆ ಈ ವಾರ ಹೊಳೆ ದಾಟಿಬಿಡ್ತು," ಎಂದರು ಗಿರಣಿ ಮಾವ, ತಾವೇ ಲಗಾಮು ಹಿಡಿದು ದಾಟಿಸಿಕೊಂಡು ಬಂದವರ ಹಾಗೆ.

ಲೈಬ್ರರಿ ಅಕ್ಕ ಟೇಬಲ್ಲಿನ ಮೇಲೆ ಮೊಣಕೈ ಊರಿ ಕೇಳುತ್ತಿದ್ದಳು. ಬೆಂಚಿನ ತುದಿಯಲ್ಲಿ ಕೂತಿದ್ದ ಪಟಪಟಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕುದುರೆ ಹೊಳೆ ದಾಟಿದ್ದನ್ನು ಅವಳು ಓದಿ ಒಂದೂವರೆ ತಿಂಗಳಾಗಿತ್ತು.

ಅವಳು ಐದನೇ ಕ್ಲಾಸಿನ ಹುಡುಗಿ. ಪುಟಗಳನ್ನು ಪಟಪಟನೆ ಮಗುಚುತ್ತಾಳೆಂದು ಲೈಬ್ರರಿ ಅಕ್ಕನೇ ಅವಳಿಗೆ ಆ ಹೆಸರಿಟ್ಟಿದ್ದಳು. ಊರಿಗೆ ಊರೇ ಈಗ ಹಾಗೆ ಕರೆಯುತ್ತಿತ್ತು. ಹಾಗೆ ಕರೆದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

ಲೈಬ್ರರಿ ಎಂದರೆ ಒಂದೇ ಕೋಣೆ. ಮೊದಲು ಅಲ್ಲಿ ಬಿತ್ತನೆ ಬೀಜದ ಮೂಟೆ ಇಡುತ್ತಿದ್ದರಂತೆ. ಮಳೆ ಬಂದ ದಿನ ಗೋಡೆಗಳು ಇವತ್ತಿಗೂ ಗೋಣಿಯ ವಾಸನೆ ಹೊಡೆಯುತ್ತವೆ. ಅಲ್ಲಿದ್ದ ಕಾದಂಬರಿಗಳಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದನ್ನೇ. ಕುಂಟುವ ಕುದುರೆಯೊಂದನ್ನು ಕರೆದುಕೊಂಡು ಗುಡ್ಡದಾಚೆಯ ಊರಿಗೆ ಒಂದು ಕಾಗದ ತಲುಪಿಸಲು ಹೊರಟ ಅಂಚೆಯವನ ಕತೆ ಅದು. ಇದ್ದದ್ದು ಒಂದೇ ಪ್ರತಿ. ಕೈಯಿಂದ ಕೈಗೆ ಹೋಗಿ ಹೋಗಿ ಅದರ ಬೆನ್ನು ಮುರಿದಾಗ ಅಕ್ಕ ಒಂದು ಉಪಾಯ ಮಾಡಿದಳು. ಅದನ್ನು ಮೂರು ಭಾಗ ಮಾಡಿ, ಬೇರೆ ಬೇರೆ ಹೊಲಿದು, ಒಂದೊಂದಕ್ಕೂ ರಟ್ಟು ಅಂಟಿಸಿ, ಮೇಲೆ ಒಂದು, ಎರಡು, ಮೂರು ಎಂದು ಬರೆದಳು. ಈಗ ಒಂದೇ ಕಾದಂಬರಿಯನ್ನು ಏಕಕಾಲಕ್ಕೆ ಮೂವರು ಓದಬಹುದಿತ್ತು.

ಶನಿವಾರ ನಾಲ್ಕು ಗಂಟೆಗೆ ಆ ಮೂವರೂ ಬಂದು, ತಾವು ಓದಿದ್ದು ಹೇಗಿತ್ತು ಎಂದು ಹೇಳಬೇಕು. ಅದಕ್ಕೊಂದು ಕಟ್ಟಳೆಯೂ ಇತ್ತು. ಒಂದನೇ ಭಾಗದವರು ಮೊದಲು ಮಾತಾಡಿ, ಎದ್ದು ಜಗಲಿಗೆ ಹೋಗಿ ಟೀ ಕುಡಿಯಬೇಕು. ಆಮೇಲೆ ಎರಡನೇ ಭಾಗದವರು. ಅವರೂ ಹೊರಗೆ ಹೋದಮೇಲೆ ಮೂರನೆಯವರು. ಹಾಗಾಗಿ ಮುಂದೆ ಏನಾಗುತ್ತದೆಂದು ಹಿಂದಿರುವವರ ಕಿವಿಗೆ ಬೀಳುತ್ತಿರಲಿಲ್ಲ.

ಪಟಪಟಿಯ ತೊಂದರೆ ಇರುವುದೇ ಇಲ್ಲಿ. ಎಲ್ಲರಿಗಿಂತ ಬೇಗ ಓದಿದವಳು ಅವಳು, ಆದರೆ ಅವಳ ಸರದಿ ಬರುವಷ್ಟರಲ್ಲಿ ಬೆಂಚೆಲ್ಲ ಖಾಲಿ. ಅವಳು ಮಾತಾಡುತ್ತಿದ್ದರೆ ಅಕ್ಕ "ಹೂಂ, ಹೂಂ" ಎನ್ನುತ್ತಲೇ ಒಂದೊಂದಾಗಿ ಕಿಟಕಿ ಹಾಕುತ್ತಿದ್ದಳು. ಮೂರನೇ ಭಾಗ ಮುಗಿದು ಮೂರು ವಾರವಾಗಿದ್ದರೂ ಪಟಪಟಿ ಅದನ್ನು ವಾಪಸ್ ಕೊಟ್ಟಿರಲಿಲ್ಲ. ಕೊಟ್ಟರೆ ಶನಿವಾರ ಬಂದು ಕೂರಲು ನೆಪವೇ ಇರುವುದಿಲ್ಲವಲ್ಲ.

ಅವಳು ಎರಡೇ ದಿನಕ್ಕೆ ಓದಿ ಕೊಟ್ಟ ಒಂದನೇ ಭಾಗವನ್ನು ಗಿರಣಿ ಮಾವ ಅದೇ ವಾರ ಓದಲು ಶುರುಮಾಡಿದವರು. ಇನ್ನೂ ಎರಡನೇ ಭಾಗದಲ್ಲೇ ಇದ್ದರು. ಶನಿವಾರ ನಾಲ್ಕಕ್ಕೆ ಅವರು ಹಿಟ್ಟಿನ ಗಿರಣಿಯ ಬೆಲ್ಟು ಕಳಚಿದರೆಂದರೆ ಬೀದಿಯೆಲ್ಲ ಒಮ್ಮೆಗೇ ಮೌನವಾಗುತ್ತಿತ್ತು. ಆ ಮೌನ ಕೇಳಿಸಿದ ಕೂಡಲೇ ಅಕ್ಕ ಟೀಗೆ ಇಡುತ್ತಿದ್ದಳು. ರೆಪ್ಪೆಯ ಮೇಲೂ ಹಿಟ್ಟು ಹೊತ್ತುಕೊಂಡು ಬಂದು ಕೂರುವ ಮಾವ, ಓದಿದ ಇಪ್ಪತ್ತೇ ಪುಟವನ್ನು ಅರ್ಧ ಗಂಟೆ ಹೇಳುತ್ತಿದ್ದರು. ಅಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅವತ್ತೂ ಅಷ್ಟೆ. ಒಂದನೇ ಭಾಗ ಓದುತ್ತಿದ್ದ ಬಸ್ ಕಂಡಕ್ಟರ್ ಮಾತು ಮುಗಿಸಿ ಜಗಲಿಗೆ ಹೋಗಿದ್ದರು. ಮಾವ ಹೊಳೆಯ ನೀರು ಎಷ್ಟಿತ್ತು, ಕುದುರೆ ಯಾವ ಕಾಲನ್ನು ಮೊದಲು ಇಟ್ಟಿತು, ಎಲ್ಲವನ್ನೂ ಹೇಳಿದರು. ಅಂಚೆಯವನಿಗೆ ಸ್ವಲ್ಪ ಸಿಟ್ಟು ಜಾಸ್ತಿ, ಅದೊಂದು ತಮಗೆ ಹಿಡಿಸಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, "ನಂಗೇನನ್ಸುತ್ತೆ ಗೊತ್ತಾ? ಕಾಗದ ಕೊಟ್ಮೇಲೆ ಆ ಊರಿನವರು ಕುದುರೇನ ಅಲ್ಲೇ ಇಟ್ಕೋತಾರೆ. ಒಳ್ಳೇ ಹುಲ್ಲುಗಾವಲು ಬಿಟ್ಕೊಡ್ತಾರೆ. ಇನ್ಮೇಲೆ ಅದಕ್ಕೆ ಕೆಲಸ ಇಲ್ಲ," ಎಂದರು.

"ಎಲ್ಲಿ ಇಟ್ಕೋತಾರೆ ಮಾವ? ಅದು ಸತ್ತೇ ಹೋಗುತ್ತೆ," ಎಂದಳು ಪಟಪಟಿ. "ಇನ್ನೂರ ಹನ್ನೆರಡನೇ ಪುಟ. ಇರುವೆ ಓದಿದ್ರೂ ಇಷ್ಟೊತ್ತಿಗೆ ಅಲ್ಲಿಗೆ ತಲುಪಿರ್ತಿತ್ತು."

ಅಕ್ಕನಿಗೆ ನಗು ಬರುತ್ತದೆಂದು ಅವಳು ಕಾದಳು. ಬರಲಿಲ್ಲ.

ಅಕ್ಕ ಮೊಣಕೈ ತೆಗೆದು ನೆಟ್ಟಗೆ ಕೂತಳು. ಮಾವ ಒಮ್ಮೆ ಪಟಪಟಿಯನ್ನು ನೋಡಿದರು, ಒಮ್ಮೆ ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು. "ಹೌದಾ," ಎಂದರು. ಓದಿದ ಪುಟದ ಗುರುತಿಗೆ ಗೋಣಿಚೀಲ ಹೊಲಿಯುವ ದಾರದ ತುಂಡೊಂದನ್ನು ಇಟ್ಟುಕೊಳ್ಳುತ್ತಿದ್ದರು. ಅದನ್ನು ಸರಿಯಾಗಿ ಒಳಗೆ ಸೇರಿಸಿ, ಪುಸ್ತಕ ಮುಚ್ಚಿ, ಟೀಯನ್ನೂ ಕುಡಿಯದೆ ಹೊರಟರು. ಸ್ವಲ್ಪ ಹೊತ್ತಿಗೆ ಗಿರಣಿ ಮತ್ತೆ ಶುರುವಾಯಿತು.

ಅಕ್ಕ ಬೈಯಲಿಲ್ಲ. "ಈಗ ನಿನ್ನ ಸರದಿ. ಹೇಳು," ಎಂದಳು. ಕಿಟಕಿ ಹಾಕಲೂ ಏಳದೆ ಅವಳ ಮುಖವನ್ನೇ ನೋಡುತ್ತ ಕೂತಳು. ಪಟಪಟಿ ಮೂರನೇ ಭಾಗವನ್ನು ತೆರೆದು, ಮತ್ತೆ ಮುಚ್ಚಿದಳು.

ಸೋಮವಾರ ಸ್ಕೂಲಿನಿಂದ ಬಂದವಳ ಕೈಗೆ ಅಮ್ಮ ಗೋಧಿಯ ಡಬ್ಬ ಕೊಟ್ಟಳು. ಹೋಮ್‌ವರ್ಕ್ ಇದೆ, ಕಾಲು ನೋಯುತ್ತಿದೆ ಎಂದೆಲ್ಲ ಹೇಳಿ ನೋಡಿದಳು. ಅಮ್ಮ ಹುಬ್ಬು ಏರಿಸಿದ್ದೇ ತಡ, ಡಬ್ಬ ಎತ್ತಿಕೊಂಡು ಹೊರಟಳು.

ಗಿರಣಿ ಮಾವ ಎಂದಿನ ಹಾಗೇ ಇದ್ದರು. ಗೋಧಿಯನ್ನು ತೂಗಿ, ಮೇಲಿನಿಂದ ಸುರಿದು, ಕೆಳಗೆ ಬಟ್ಟೆಯ ಬಾಯಿಂದ ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಬೇರೆ ದಿನವಾದರೆ ಅಷ್ಟಾದಮೇಲೆ ಗೋಡೆಯ ಗೂಡಿನ ಪಕ್ಕದ ಸ್ಟೂಲಿನಲ್ಲಿ ಕೂತು ಪುಸ್ತಕ ತೆರೆಯುತ್ತಿದ್ದರು. ಅವತ್ತು ಸುಮ್ಮನೆ ಕೂತು ಬೀದಿ ನೋಡಿದರು. ಪುಸ್ತಕ ಗೂಡಿನಲ್ಲಿತ್ತು. ಅದರ ರಟ್ಟಿನ ಮೇಲೆ ಎರಡು ದಿನದ ಹಿಟ್ಟು ಕೂತಿತ್ತು.

ಹಿಟ್ಟು ಬೀಸಿ ಮುಗಿದು ಸದ್ದು ನಿಂತಾಗ ಪಟಪಟಿ ಮೆಲ್ಲಗೆ ಹೇಳಿದಳು, "ಮಾವ, ನಾನು ಮೊನ್ನೆ ಸುಳ್ಳು ಹೇಳಿದ್ದು. ಕುದುರೆ ಸಾಯಲ್ಲ."

"ಮತ್ತೇನಾಗುತ್ತೆ?"

ಅವಳು ಬಾಯಿ ತೆರೆದಳು. ಹುಲ್ಲುಗಾವಲು ಎನ್ನಬೇಕೆಂದುಕೊಂಡಳು. ಕಣ್ಣ ಮುಂದೆ ಇನ್ನೂರ ಹನ್ನೆರಡನೇ ಪುಟವೇ ಬಂದು ನಿಂತಿತು.

"ಓದೋದ್ರಲ್ಲಿ ನೀನು ಜೋರು. ಸುಳ್ಳು ಹೇಳೋದ್ರಲ್ಲಿ ನನಗಿಂತ ನಿಧಾನ," ಎಂದು ಮಾವ ಸಣ್ಣಗೆ ನಕ್ಕರು. ಪುಸ್ತಕ ತೆಗೆದು ಹಿಟ್ಟು ಒರೆಸಿದರು. "ಹೋಗ್ತಾ ಲೈಬ್ರರಿಗೆ ಕೊಟ್ಟುಬಿಡು ಪುಟ್ಟಿ."

"ಪೂರ್ತಿ ಓದಲ್ವಾ ಮಾವ?"

ಮಾವ ಡಬ್ಬದ ಮುಚ್ಚಳ ಒತ್ತಿ ಕೂರಿಸಿದರು. ಅದು ಕೂತಮೇಲೂ ಸ್ವಲ್ಪ ಹೊತ್ತು ಒತ್ತುತ್ತಲೇ ಇದ್ದರು.

"ನಂಗೂ ಬೇಗ ಓದೋಕೆ ಬರುತ್ತೆ ಕಣೆ. ಆದ್ರೆ ಆ ಹೊಳೆ ದಾಟೋಕೆ ಕುದುರೆಗೆ ಎರಡು ದಿನ ಹಿಡೀತಲ್ಲ, ನಂಗೂ ಎರಡು ದಿನ ಹಿಡೀಲಿ ಅಂತ ಮೆಲ್ಲಗೆ ಓದಿದೆ. ಅದು ಹೊಳೆ ದಾಟಿ ದಡದಲ್ಲಿ ಮೇಯ್ತಾ ನಿಂತಿದೆ ಈಗ. ಇನ್ನು ಒಂದು ಪುಟ ತಿರುವಿದ್ರೂ ನಾನೇ ಅದನ್ನ ಗುಡ್ಡ ಹತ್ತಿಸಿದ ಹಾಗೆ. ಏನಾಗುತ್ತೆ ಅಂತ ಗೊತ್ತಿದ್ದೂ ಹೇಗೆ ಹತ್ತಿಸಲಿ? ಅಲ್ಲೇ ಇರ್ಲಿ ಬಿಡು. ಹುಲ್ಲಿದೆ, ನೀರಿದೆ."

ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಡಬ್ಬದ ತಳ ಬಿಸಿಯಾಗಿತ್ತು. ಅದನ್ನು ಸೊಂಟಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ನಡೆದಳು.

ಲೈಬ್ರರಿಗೆ ಬೀಗ ಹಾಕಿತ್ತು. ಜಗಲಿಯ ಮೇಲೆ ಕೂತು ಅವಳು ಪುಸ್ತಕ ತೆರೆದಳು. ಎರಡನೇ ಭಾಗ ಶುರುವಾಗುವ ತೊಂಬತ್ತೇಳನೇ ಪುಟದ ಅಂಚಿನಲ್ಲಿ ಹೆಬ್ಬೆರಳಿನ ಬಿಳಿ ಗುರುತಿತ್ತು. ತೊಂಬತ್ತೆಂಟರಲ್ಲೂ ಇತ್ತು. ಹಳದಿ ತಿರುಗಿದ ಪುಟಗಳಲ್ಲಿ ಹಿಟ್ಟಿನ ಆ ಗುರುತು ಒಂದರ ಹಿಂದೆ ಒಂದು, ಗೊರಸಿನ ಹೆಜ್ಜೆ ಮೂಡಿದ ಹಾಗೆ ಸಾಗಿತ್ತು. ಕೆಲವು ಕಡೆ ಒಂದೇ ಪುಟದಲ್ಲಿ ಮೂರು ನಾಲ್ಕು ಗುರುತುಗಳಿದ್ದವು. ಅಲ್ಲಿ ಮಾವ ಎರಡೆರಡು ಸಲ ಓದಿರಬೇಕು. ನೂರ ಮೂವತ್ತೊಂದರಲ್ಲಿ ಗೋಣಿದಾರದ ತುಂಡು ಸಿಕ್ಕಿತು. ಮುಂದಿನ ಪುಟ ತಿರುವಿದಳು. ಅದರ ಮುಂದಿನದು. ಅದರ ಮುಂದಿನದು. ಒಂದರಲ್ಲೂ ಏನೂ ಇರಲಿಲ್ಲ.

ಅವಳು ದಾರ ಇದ್ದ ಪುಟಕ್ಕೇ ಮರಳಿ ಬಂದಳು. ಈ ಪುಟವನ್ನು ತಾನು ಓದಿದ್ದೇನೆಂಬುದು ಗೊತ್ತಿತ್ತು, ಆದರೆ ಅದರಲ್ಲಿದ್ದದ್ದು ಒಂದೂ ನೆನಪಿರಲಿಲ್ಲ. ಕುದುರೆ ನೀರಿನಿಂದ ಮೇಲೆ ಬಂದು ಮೈ ಕೊಡವಿತು, ಅದರ ಕುತ್ತಿಗೆಯ ಕೂದಲಿನಿಂದ ತುಂಬ ಹೊತ್ತು ನೀರು ತೊಟ್ಟಿಕ್ಕುತ್ತಿತ್ತು ಎಂದು ಬರೆದಿತ್ತು. ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು.

ಮುಂದಿನ ಶನಿವಾರ ನಾಲ್ಕು ಗಂಟೆಯಾಯಿತು. ಗಿರಣಿ ನಿಲ್ಲಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಕಾದು, ಆಮೇಲೆ ಗಡಿಯಾರ ನೋಡಿ ಟೀಗೆ ಇಟ್ಟಳು. ಎರಡನೇ ಭಾಗ ಕಂಡಕ್ಟರ್ ಕೈಗೆ ಹೋಗಿತ್ತು. ಗೋಣಿದಾರದ ತುಂಡು ಮಾತ್ರ ಪಟಪಟಿಯ ಕಂಪಾಸ್ ಬಾಕ್ಸಿನಲ್ಲಿತ್ತು.

ಒಂದನೇ ಭಾಗವನ್ನು ಹೊಸದಾಗಿ ತೆಗೆದುಕೊಂಡಿದ್ದವರು ಟೈಲರ್ ಅತ್ತೆ. ಅಳತೆ ಟೇಪನ್ನು ಕುತ್ತಿಗೆಯಲ್ಲೇ ಮರೆತು ಬಂದಿದ್ದರು. ಕಟ್ಟಳೆ ಇನ್ನೂ ಗೊತ್ತಿರಲಿಲ್ಲ. ಬಂದವರೇ ಪಟಪಟಿಯ ಪಕ್ಕ ಕೂತು, ಅವಳ ಮೊಣಕಾಲು ತಟ್ಟಿದರು.

"ನೀನು ಪೂರ್ತಿ ಓದಿದೀಯಂತಲ್ಲೇ. ಆ ಕುದುರೆ ಕುಂಟುತ್ತಲ್ಲ, ಪಾಪ, ಅದಕ್ಕೇನೂ ಆಗಲ್ಲ ತಾನೆ?"

ಲೈಬ್ರರಿ ಅಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಬೀದಿಯ ಆ ತುದಿಯಿಂದ ಗಿರಣಿಯ ಸದ್ದು ಒಂದೇ ಸಮನೆ ಬರುತ್ತಿತ್ತು.

"ನೀವು ಎಷ್ಟನೇ ಪುಟದಲ್ಲಿದೀರಾ ಅತ್ತೆ?" ಎಂದು ಪಟಪಟಿ ಕೇಳಿದಳು.

"ಇನ್ನೂ ಇಪ್ಪತ್ತೆರಡು ಕಣಮ್ಮ. ನಂದು ತುಂಬಾ ನಿಧಾನ."

"ಅಲ್ಲಿ ಅದು ಏನ್ಮಾಡ್ತಾ ಇದೆ?"

ಅತ್ತೆ ಕುತ್ತಿಗೆಯ ಟೇಪನ್ನು ಸರಿಮಾಡಿಕೊಂಡು ಹೇಳಲು ಶುರುಮಾಡಿದರು. ಪಟಪಟಿ ಮೂರನೇ ಭಾಗವನ್ನು ಮಡಿಲಲ್ಲಿ ಮಗುಚಿ ಇಟ್ಟು, ಅದರ ಮೇಲೆ ಎರಡೂ ಕೈ ಊರಿ, ಕೇಳುತ್ತ ಕೂತಳು.