ತೇರದಾಳದ ಪೇಟಿಯೊಳಗಿನ ರೀಡುಗಳು

"ಅಕ್ಕಾರ, ನಮ್ಮಪ್ಪ ಕಳ್ಳ ಅಲ್ರಿ." ಬ್ರಾಹ್ಮಿಯವರ ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ ವೈಶಾಲಿ ಹೇಳಿದಳು.

ಬ್ರಾಹ್ಮಿಯವರು ನಿವೃತ್ತ ವಿಜ್ಞಾನ ಶಿಕ್ಷಕಿ. ಬನಹಟ್ಟಿಯಲ್ಲಿ ಏನೇ ಕಳುವಾದರೂ ಜನ ಮೊದಲು ಅವರಲ್ಲಿಗೇ ಬರುತ್ತಿದ್ದರು. ಪತ್ತೆಗೆ ಹೊರಟಾಗ ಜೊತೆಗಿರುತ್ತಿದ್ದವಳು ಹಳೆಯ ಶಿಷ್ಯೆ ವೈಶಾಲಿ. ಈ ಸಲ ಆರೋಪ ಅವಳ ಮನೆಯನ್ನೇ ಹೊಕ್ಕಿತ್ತು.

ಅವಳ ತಂದೆ ಬಸಗೊಂಡಪ್ಪ ಒಂದೇ ಖೋಲಿಯ ಅಂಗಡಿಯಲ್ಲಿ ತಬಲಾ, ಹಾರ್ಮೋನಿಯಂ ಪೇಟಿ ಮಾರುತ್ತಿದ್ದ, ರಿಪೇರಿಯನ್ನೂ ಮಾಡುತ್ತಿದ್ದ. ತೇರದಾಳದ ಭಜನಾ ಮಂಡಳಿಯ ಹಳೆಯ ಪೇಟಿಯ ಗಾಳಿ ತಿದಿ ಹೊಲಿದು, ನುಡಿಸಿ ನೋಡಿ, ಟೆಂಪೊ ಹುಲೆಪ್ಪನ ಕೈಯಲ್ಲಿ ಕಳಿಸಿದ್ದ. ರಾತ್ರಿ ಅದು ಮಂಡಳಿಯ ಕಲ್ಮೇಶನ ಗೋದಾಮಿನಲ್ಲಿತ್ತು. ಮರುದಿನ ಭಜನೆಗೆ ಕೂತಾಗ ಸ್ವರ ಒಡಕು. ಬಿಚ್ಚಿದರೆ, ಒಳಗೆ ಸ್ವರ ಹೊರಡಿಸುವ ಹಳೆಯ ಹಿತ್ತಾಳೆ ರೀಡುಗಳ ಜಾಗದಲ್ಲಿ ಅಗ್ಗದ ಹೊಸ ರೀಡುಗಳು.

ಅಂಗಡಿಯ ಫೋಟೋದೊಡನೆ 'ಇಲ್ಲಿ ಕೊಡಬೇಡಿ' ಎಂಬ ಸಂದೇಶ ಎಲ್ಲರ ಮೊಬೈಲಿಗೂ ಹರಿದಿತ್ತು. ಕೆಳಗೆ ಮುಧೋಳದ ಹೊಸ ವಾದ್ಯ ಶೋರೂಮಿನ ವಿಳಾಸ. ಸಾವಳಗಿಯ ಗಿರಾಕಿಗಳೂ ರಿಪೇರಿಗೆ ಕೊಟ್ಟದ್ದನ್ನು ಹಾಗೇ ವಾಪಸ್ ಒಯ್ದಿದ್ದರು. ಸಂಜೆಯೊಳಗೆ ರೀಡು ಬರದಿದ್ದರೆ ಪೊಲೀಸರಿಗೆ ದೂರು ಎಂದಿದ್ದರು ಮಂಡಳಿಯ ಹಿರಿಯ ನೀಲಕಂಠಪ್ಪ.

ಬ್ರಾಹ್ಮಿಯವರು ಎಲ್ಲರನ್ನೂ ಅಂಗಡಿಗೇ ಕರೆಸಿ, ಪೇಟಿಯನ್ನೂ ತರಿಸಿದರು. ಗೋದಾಮಿನಲ್ಲಿ ಅರಿಸಿನದ ಪಾಲಿಶ್ ನಡೆದಿರುವಾಗ ಕೆಲಸ ಕೆಡಿಸಿದರೆಂದು ಕಲ್ಮೇಶ ಗೊಣಗಿದ. ಅವತ್ತು ತಾನು ಟೆಂಪೊದಲ್ಲಿ ನೂಲು ತುಂಬಿದ್ದೆ, ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ ಎಂದ ಹುಲೆಪ್ಪ. ಬಸಗೊಂಡಪ್ಪ ಕಟ್ಟಿಗೆ ಪಾಲಿಶಿನ ಕಪ್ಪು ಹಿಡಿದ ತನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದ.

ಬ್ರಾಹ್ಮಿಯವರು ಪೇಟಿಯ ತಿರುಪು ಬಿಚ್ಚಿ ಒಂದು ಹೊಸ ರೀಡನ್ನು ಎತ್ತಿ, ಬೆನ್ನು ಮೇಲಾಗಿ ಹಿಡಿದರು. ಅಲ್ಲಿ ಮಸುಕಾದ ಹೆಬ್ಬೆರಳ ಗುರುತಿತ್ತು. ನೀಲಕಂಠಪ್ಪನವರ ಎಲೆ ಸಂಚಿಯಿಂದ ಸುಣ್ಣ ಇಸಿದುಕೊಂಡು, ನೀರು ಬೆರೆಸಿ ಒಂದು ಹನಿ ತಾಗಿಸಿದರು. ಗುರುತು ಕೆಂಪಗಾಯಿತು.

"ಸುಣ್ಣ ತಾಗಿದ್ರ ಅರಿಸಿನ ಕೆಂಪಾಗ್ತದ. ಇದು ಕಟ್ಟಿಗೀಗೆ ಒತ್ತಿ ಕೂಡೋ ಮೈ. ಅಂದ್ರ ತಿರುಪು ಹಾಕೂಕಿಂತ ಮೊದಲ ಹತ್ತಿದ್ದು. ಬಸಗೊಂಡಪ್ಪನ ಕೈ ಕರಿ, ಹುಲೆಪ್ಪ ಹೇರಿದ್ದು ನೂಲು. ರಾತ್ರಿ ಪೇಟಿ ಇದ್ದದ್ದು ಅರಿಸಿನದ ಗೋದಾಮಿನ್ಯಾಗ."

ಕಲ್ಮೇಶ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

ಆ ಸಂದೇಶ ಮೊದಲು ಹೊರಟದ್ದು ಅವನ ನಂಬರಿನಿಂದಲೇ ಎಂದು ಬ್ರಾಹ್ಮಿಯವರು ನೀಲಕಂಠಪ್ಪನವರ ಮೊಬೈಲಿನಲ್ಲೇ ತೋರಿಸಿದರು. ಶೋರೂಮು ಯಾರದೆಂದು ಕೇಳಿದಾಗ ಹುಲೆಪ್ಪ ಬಾಯಿಬಿಟ್ಟ, ಕಲ್ಮೇಶನ ಭಾವನದು. ಈ ಅಂಗಡಿಯ ಹೆಸರು ಕೆಟ್ಟರೆ ಸುತ್ತಲಿನ ಮಂಡಳಿಗಳೆಲ್ಲ ಅಲ್ಲಿಗೇ ಹೋಗುತ್ತವೆಂದು ಲೆಕ್ಕ ಹಾಕಿದ್ದೆನೆಂದು ಕೊನೆಗೆ ಕಲ್ಮೇಶನೇ ಒಪ್ಪಿಕೊಂಡ. ಹುಲೆಪ್ಪ ಅವನನ್ನು ಟೆಂಪೊದಲ್ಲಿ ಕರೆದೊಯ್ದು, ಹಳೆಯ ರೀಡುಗಳ ಗಂಟು ತಂದ.

ನೀಲಕಂಠಪ್ಪ ಏನೋ ಹೇಳಲು ಕೈ ಜೋಡಿಸಿದರು. ಬಸಗೊಂಡಪ್ಪ ಅದನ್ನು ಕೇಳಲು ನಿಲ್ಲಲಿಲ್ಲ. ರೀಡುಗಳನ್ನು ಒಂದೊಂದಾಗಿ ಕೂರಿಸಿ, ಪೇಟಿಯನ್ನು ಅವರೆದುರಿಗೆ ಸರಿಸಿದ.

"ಒಂದು ಪದಾ ಹಾಡ್ರಿ. ನಿಮ್ಮ ದನಿಗೆ ಸ್ವರಾ ಕೂಡಸಬೇಕು."

ನೀಲಕಂಠಪ್ಪನವರು ಜೋಡಿಸಿದ ಕೈ ಬಿಡಿಸಿ, ಮೊದಲ ಸಾಲು ಎತ್ತಿಕೊಂಡರು.