ಹಿಂದೆ ಉಳಿದ ಕಾಯಿ

“ಮೋಸದಾಟ ಇದು!” ಹುಲಗೆಮ್ಮ ಹುಣಸೆಬೀಜಗಳನ್ನು ನೆಲಕ್ಕೆ ಕುಕ್ಕಿದಳು.

ರಾಯಚೂರಿನ ಹತ್ತಿ ಮಿಲ್ಲಿನ ಗೋಡೆಯ ನೆರಳಲ್ಲಿ ಸುತ್ತಲ ಊರುಗಳ ಹೆಸರು ಒತ್ತಿದ ಬಟ್ಟೆಯ ಆಟದ ಪಟ ಹಾಸಿ ಕೂತಿದ್ದ ಮಾರೆಪ್ಪ ತಲೆಯೆತ್ತಿದ. ಕೂದಲ ತುಂಬ ಅರಳೆ ಮೆತ್ತಿಕೊಂಡ ಹುಡುಗಿ. ಕಣ್ಣಲ್ಲಿ ಕೆಂಡ!

“ಸೋತವ್ರೆಲ್ಲ ಹಂಗ ಅಂತಾರವ್ವ.”

“ಒಂದು ಕಾಯಿ ಮಾನ್ವಿ, ದೇವದುರ್ಗ ಸುತ್ತಿ ಮನಿ ಸೇರಿದ್ರ ಗೆದ್ದಂಗ. ಹಿಂದ ಉಳಿದ ಇನ್ನೊಂದು ಕಾಯಿ?”

“ಅದು ಸತ್ತಂಗ.”

“ಜೋಡಿ ಬಿಟ್ಟು ಮನಿ ಸೇರೋದೂ ಒಂದು ಗೆಲುವಾ?”

ಅವನು ಪಟ ಮಡಚಿದ. ಮರುದಿನ ಊಟದ ಬಿಡುವಿನಲ್ಲಿ ಅವಳು ಮತ್ತೆ ಬಂದಳು... ಅವನನ್ನು ಸೋಲಿಸಲಿಕ್ಕೆ. ಅದರ ಮರುದಿನ, ಸುಮ್ಮನೆ.

ಆಟ ಅವನೇ ಕಟ್ಟಿದ್ದು. ಮರದ ಅಚ್ಚು ಕೆತ್ತಿ, ಬಟ್ಟೆಗೆ ಒತ್ತಿ, ಸಂತೆಗಳಲ್ಲಿ ಮಾರುತ್ತಿದ್ದ. ಇಬ್ಬರ ಒಲವು ತಿಳಿದ ಹುಲಗೆಮ್ಮನ ಅಪ್ಪ ಗದ್ದೆಪ್ಪ ಒಂದೇ ಮಾತು ಹೇಳಿದ್ದ. “ಆಟ ಹೊಟ್ಟಿ ತುಂಬಿಸಿದ್ರ ಹೆಣ್ಣು ಕೇಳಾಕ ಬಾ. ಇಲ್ಲಂದ್ರ ನಮ್ಮ ಓಣಿಗೆ ಬರಬ್ಯಾಡ.”

ಎಂಬತ್ನಾಲ್ಕರ ಬೇಸಿಗೆಯಲ್ಲಿ ಮುಂಬಯಿ ಕಂಪನಿಯ ಆಟದ ಡಬ್ಬಿಗಳು ಬಂದವು. ಬಣ್ಣದ ರಟ್ಟು, ಪ್ಲಾಸ್ಟಿಕ್ ದಾಳ, ರೇಡಿಯೋದಲ್ಲಿ ಜಾಹೀರಾತು. ಮಾರೆಪ್ಪನ ಪಟಗಳು ಗಂಟಿನಲ್ಲೇ ಉಳಿದವು.

“ಅವರ ಡಬ್ಬ್ಯಾಗ ನಮ್ಮೂರಿಲ್ಲ,” ಎಂದಳು ಹುಲಗೆಮ್ಮ. “ಮಂದಿ ಒಮ್ಮೆ ಆಡಿದ್ರ ನಿಂದ ಬೇಕಂತಾರ. ನಾ ಆಡಸ್ತೀನಿ.”

ಮಿಲ್ಲಿನ ಹೆಂಗಸರಿಗೆ ಇದ್ದಿಲಿನಿಂದ ನೆಲದ ಮೇಲೆ ಮನೆ ಬರೆದು ಕಲಿಸಿದಳು. ಅವರು ತಮ್ಮ ತಮ್ಮ ಊರಲ್ಲಿ ಕಲಿಸಿದರು. ಎಷ್ಟು ಹಿಗ್ಗಿದಳು, ಹುಚ್ಚಿ!

ಮಾನ್ವಿ ಸಂತೆಯಿಂದ ಬಂದ ಮಾರೆಪ್ಪನ ಮುಖ ಕಪ್ಪಿಟ್ಟಿತ್ತು.

“ಸಂತಿ ತುಂಬ ನನ್ನಾಟನ ಆಡಾಕತ್ತಾರ. ಒಂದು ಪಟಾನೂ ಹೋಗಲಿಲ್ಲ. ‘ನೆಲ ಅದ, ಇದ್ದಿಲು ಅದ, ಬಟ್ಟಿ ಯಾಕೋ ಯಪ್ಪಾ’ ಅಂತ ಮುದುಕಿಯೊಬ್ಬಾಕಿ ನಕ್ಕಳು. ಯಾರು ಕಲಿಸ್ಯಾರಂದ್ರ... ಹುಲಗೆಮ್ಮ!”

“ನಿನ್ನ ಸಲುವಾಗಿ ನಾ...”

“ಕಂಪನಿಯವ್ರು ಬರೇ ಹೊಡೆದ್ರು. ನೀ ಮುಗಿಸೇಬಿಟ್ಟಿ.”

ಗಂಟು ಹೆಗಲಿಗೇರಿಸಿ ಹೊರಟ. ಅವಳು ಕರೆಯಲಿಲ್ಲ. ಕರೆದು ಏನನ್ನುವುದು? ಅವನು ಅಂದದ್ದು ನಿಜವಾಗಿತ್ತು.

ದೀಪಾವಳಿ ಕಳೆದ ಮೇಲೆ ಸುದ್ದಿ ಬಂತು. ಮಾರೆಪ್ಪ ಅದೇ ಕಂಪನಿಯ ಡಬ್ಬಿ ಹೊತ್ತು ಬಸ್ ಸ್ಟ್ಯಾಂಡುಗಳಲ್ಲಿ ಮಾರುತ್ತಿದ್ದಾನೆ. ಮಿಲ್ಲಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ಅದೊಂದು ಅನುಕೂಲವಿತ್ತು.

ಒಂದು ಮಧ್ಯಾಹ್ನ ಅವನು ಅದೇ ಗೋಡೆಯ ಬಳಿ ನಿಂತಿದ್ದ. ಸೊರಗಿದ್ದ. ಬರಿಗೈ.

“ಡಬ್ಬಿ?”

“ಬಿಟ್ಟೆ. ನಾಳಿಂದ ಅಕ್ಕಿ ಗಿರಣ್ಯಾಗ ಹಮಾಲಿ.” ಅವನು ನೆಲ ನೋಡಿದ. “ದೇವದುರ್ಗ ಸ್ಟ್ಯಾಂಡಿನ್ಯಾಗ ಮಸರಕಲ್ ಊರಿನ ಹೆಂಗಸರು ನನ್ನಾಟ ಆಡಾಕತ್ತಿದ್ರು. ಒಬ್ಬಾಕಿ ಕಾಯಿ ಮನಿ ಮುಟ್ಟಿತು. ಗೆದ್ದಿ ಬಿಡವ್ವ ಅಂದೆ. ‘ಎಲ್ಲಿ ಗೆಲುವು? ಇನ್ನೊಂದು ಬರೋತನಕ ಇದು ಬಾಗಿಲಾಗ ನಿಂದ್ರಬೇಕು’ ಅಂದ್ಲು. ನಾ ಹಂಗ ಮಾಡಿದ್ದಿಲ್ಲ. ಅದು ನೀ ಸೇರಿಸಿದ್ದು.”

“ನಿನ್ನಾಟ ನಾ ಕೆಡಿಸೀನಿ,” ಎಂದಳು ತಲೆ ತಗ್ಗಿಸಿ.

“ಈಗ ಚಲೋ ಆಗ್ಯದ. ಆದ್ರ ನಮ್ಮ ಕೈಯಾಗಿಲ್ಲ ಹುಲಗಿ. ಊರಿಗೆಲ್ಲ ಸೇರಿತು. ನಮಗ ಅನ್ನ ಕೊಡಾಂಗಿಲ್ಲ.”

“ಗೊತ್ತದ.”

“ನಿಮ್ಮಪ್ಪಗ ಸೋತೀನಿ ಅಂತನ ಹೇಳ್ತೀನಿ. ಓಡಿಸಿದ್ರ ಮತ್ತ ಬರ್ತೀನಿ. ನೀ... ನೀ ಏನಂತಿ?”

ಬಿಡುವು ಮುಗಿದ ಮಿಲ್ಲಿನ ಕೂಗು ಹೊಡೆಯಿತು. ಹುಲಗೆಮ್ಮ ಕದಲಲಿಲ್ಲ.

“ಇಷ್ಟು ದಿನ ಬಾಗಿಲಾಗ ನಿಂತೀನಲ್ಲೋ... ಕಾಣಲಿಲ್ಲೇನು?”

“ತಡ ಆತು ನನಗ.”

“ಆಗಲಿ. ಬಂದಿಯಲ್ಲ.”